ಕೋಚ್ ಅಂದದ್ದು, ನಾನು ಅಂದದ್ದು

ನನ್ನ ಬಾಯಿ ಜೋರು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಒಪ್ಪದಿದ್ದರೂ ಗ್ರಾಂಟ್ ರೋಡಿನ ನಮ್ಮ ಚಾಳಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಓದಿದ್ದು ನಾಲ್ಕನೇ ಕ್ಲಾಸು, ಅದರಲ್ಲೂ ಅರ್ಧ ವರ್ಷ ತಮ್ಮನನ್ನು ಎತ್ತಿಕೊಂಡು ಮನೆಯಲ್ಲೇ ಇದ್ದೆ. ಅಕ್ಷರದಲ್ಲಿ ಕಡಿಮೆ ಬಿದ್ದದ್ದನ್ನು ಬಾಯಿಯಲ್ಲಿ ತುಂಬಿಸಿಕೊಂಡೆ. ಹಿಂದೆ ಇದರಿಂದ ಏನೂ ತೊಂದರೆ ಇರಲಿಲ್ಲ. ಬೆಳಿಗ್ಗೆ ಆಡಿದ ಮಾತು ಗ್ಯಾಲರಿಯಲ್ಲಿ ಹಾಕಿದ ಬಟ್ಟೆಯ ಹಾಗೆ ಸಂಜೆಯೊಳಗೆ ಒಣಗಿ ಹೋಗುತ್ತಿತ್ತು. ಯಾರಾದರೂ "ನೀವು ಹೀಗೆ ಹೇಳಿದಿರಂತೆ" ಎಂದು ಜಗಳಕ್ಕೆ ಬಂದರೆ "ನಾನೆಲ್ಲಿ ಹೇಳಿದೆ?" ಎಂದರೆ ಮುಗಿಯಿತು. ಈಗ ಹಾಗಲ್ಲ. ಮಗ ದೊಡ್ಡ ಫೋನು ಕೊಡಿಸಿದ. ಟೈಪು ಮಾಡಲು ಬಾರದ ನನಗೆ ಮೊಮ್ಮಗಳು ಪ್ರಣಿತಾ ಉಪಾಯ ಹೇಳಿಕೊಟ್ಟಳು. ಮೈಕಿನ ಚಿತ್ರವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು, ಮಾತಾಡಬೇಕು, ಬೆರಳು ಬಿಡಬೇಕು. ಅಷ್ಟೇ. ಮಾತು ಉಡುಪಿಗೂ ಹೋಗುತ್ತದೆ, ದುಬಾಯಿಗೂ ಹೋಗುತ್ತದೆ. ತಿರುಗಿ ಬರುವುದಿಲ್ಲ ಎಂಬುದನ್ನು ಮಾತ್ರ ಅವಳು ಆಗ ಹೇಳಲಿಲ್ಲ.

ಪ್ರಣಿತಾ ಪವಾಯಿಯ ಒಂದು ಆಫೀಸಿನಲ್ಲಿ ಆಟದ ಸುದ್ದಿ ಬರೆಯುತ್ತಾಳೆ. ಇಪ್ಪತ್ತಾರು ವರ್ಷ. ಬೇರೆ ಹುಡುಗಿಯರು ಬ್ಯಾಂಕು, ಆಸ್ಪತ್ರೆ ಅಂತ ಹೋದರೆ ಇವಳು ಗಂಡಸರು ಚಡ್ಡಿ ಹಾಕಿಕೊಂಡು ಓಡುವುದನ್ನು ನೋಡಿ, ಯಾಕೆ ಹಾಗೆ ಓಡಿದಿರಿ ಎಂದು ಕೇಳಲು ಹೋಗುತ್ತಾಳೆ. ಅದಕ್ಕೆ ಸಂಬಳವೂ ಕೊಡುತ್ತಾರೆ. ಹೋದ ಗುರುವಾರ ಅವಳು ಸುದ್ದಿ ಬರೆಯುವ ಫುಟ್‌ಬಾಲ್ ಕ್ಲಬ್ಬು ಸೋತಿತು. ಆಟ ಮುಗಿದ ಮೇಲೆ ಕೋಚನ್ನು ಮೇಜಿನ ಹಿಂದೆ ಕೂರಿಸಿ ಪ್ರಶ್ನೆ ಕೇಳುವ ಪದ್ಧತಿಯಂತೆ. ಇವಳು ಎದ್ದು, "ಸರ್, ಚೆನ್ನಾಗಿ ಆಡುತ್ತಿದ್ದ ಡಿಫೆಂಡರನ್ನು ಸೆಕೆಂಡ್ ಹಾಫ್‌ನಲ್ಲಿ ಯಾಕೆ ಹೊರಗೆ ಕೂರಿಸಿದಿರಿ?" ಎಂದು ಕೇಳಿದಳು. ಆ ಕೋಚ್ ಎಂಬ ಪ್ರಾಣಿ ಅಕ್ಕಪಕ್ಕ ನೋಡಿ ನಕ್ಕು, "ಮೇಡಮ್, ಇದು ಕಿಚನ್ ಅಲ್ಲ. ಮನೆಗೆ ಹೋಗಿ ರೋಟಿ ಲಟ್ಟಿಸುವುದು ಕಲಿಯಿರಿ, ಮದುವೆಗೆ ಉಪಯೋಗ ಆಗುತ್ತದೆ" ಎಂದ. ಅಲ್ಲಿದ್ದ ಗಂಡಸರೆಲ್ಲ ನಕ್ಕರು. ನಮ್ಮ ಹುಡುಗಿ ಅಳಲಿಲ್ಲ, ಸಿಟ್ಟು ಮಾಡಲಿಲ್ಲ. ಸಣ್ಣಗೆ ನಕ್ಕು, "ಸರಿ ಸರ್. ಪ್ರಶ್ನೆ ಹಾಗೇ ಉಳಿಯಿತು" ಎಂದು ಕೂತಳು. ಯಾರೋ ಅದನ್ನು ಫೋನಿನಲ್ಲಿ ತೆಗೆದು ಹಾಕಿದರು. ಮರುದಿನ ಬೆಳಿಗ್ಗೆ ಹಾಲಿನವನು ಬರುವ ಮೊದಲೇ ದೇಶಕ್ಕೆಲ್ಲ ಗೊತ್ತಾಗಿತ್ತು.

ಮಗ ಆ ವೀಡಿಯೋ ತೋರಿಸಿದಾಗ ಕೈಯಲ್ಲಿದ್ದ ಚಾ ಲೋಟವನ್ನು ಕೆಳಗಿಟ್ಟೆ. ಮೊಮ್ಮಗಳಿಗಾದ ಅವಮಾನಕ್ಕೆ ಅಜ್ಜಿಯ ಕರುಳು ನೊಂದಿತು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಆದರೆ ವಿಷಯ ಅದಲ್ಲ. ಹತ್ತು ದಿನದ ಹಿಂದೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಕಾಪುವಿನ ನನ್ನ ನಾದಿನಿ, "ಪ್ರಣಿತಾಳಿಗೆ ಒಂದು ಒಳ್ಳೆಯ ಸಂಬಂಧ ಉಂಟು, ನೋಡುವುದಾ?" ಎಂದು ಕೇಳಿದ್ದಳು. ನಾನು ಹೆಬ್ಬೆರಳು ಒತ್ತಿ ಉತ್ತರ ಕೊಟ್ಟಿದ್ದೆ: "ಎಂತ ನೋಡುವುದು? ಚೆಂಡು ಅಲ್ಲಿಗೆ ಯಾಕೆ ಹೋಯ್ತು, ಇಲ್ಲಿಗೆ ಯಾಕೆ ಬಂತು ಅಂತ ಗಂಡಸರ ಮಧ್ಯೆ ನಿಂತು ಕೇಳುವವಳನ್ನು ಯಾರು ಮಾಡಿಕೊಳ್ತಾರೆ? ಮೊದಲು ಮನೆಗೆ ಬಂದು ಎರಡು ಚಪಾತಿ ಲಟ್ಟಿಸುವುದು ಕಲಿಯಲಿ." ಕೋಚ್ ಹೇಳಿದ್ದಕ್ಕೂ ನಾನು ಹೇಳಿದ್ದಕ್ಕೂ ರೋಟಿ-ಚಪಾತಿಯ ವ್ಯತ್ಯಾಸ. ಅವನು ಒಂದು ಕೋಣೆಯಲ್ಲಿ ಹೇಳಿದ್ದ. ನಾನು ನಲ್ವತ್ತು ನೆಂಟರಿಗೆ ಕಳಿಸಿದ್ದೆ. ಪ್ರಣಿತಾಳೂ ಆ ಗುಂಪಿನಲ್ಲಿದ್ದಾಳೆ. ಅವಳು ಕುಟುಂಬದ ಗುಂಪನ್ನು ತೆರೆಯುವುದೇ ಇಲ್ಲ ಎಂದು ಸೊಸೆ ಯಾವಾಗಲೂ ಬಯ್ಯುತ್ತಾಳೆ. ಆ ದಿನ ಮೊದಲ ಸಲ ಅದು ದೊಡ್ಡ ಸದ್ಗುಣವಾಗಿ ಕಂಡಿತು.

ಕೆಳಗೆ ಕೊತ್ತಂಬರಿ ತರಲು ಹೋದರೆ ಖತೀಜಾಬಿ ಗಾಡಿ ಬಿಟ್ಟು ಎದ್ದು ಬಂದಳು. ವಿಜಯಪುರದ ಕಡೆಯವಳು. ಇಪ್ಪತ್ತು ವರ್ಷದಿಂದ ನಮ್ಮ ಚಾಳಿನ ಬಾಗಿಲಲ್ಲಿ ತರಕಾರಿ ಮಾರುತ್ತಾಳೆ.

"ಆಯಿ, ಟಿವ್ಯಾಗ ನಿಮ್ಮ ಹುಡಿಗೀನ್ನ ನೋಡಿದ್ನಿ. ಆ ಕೋಚನ ಬಾಯಾಗ ಒಂದು ಹಿಡಿ ಖಾರಪುಡಿ ತುಂಬಬೇಕ್ ನೋಡ್ರಿ! ಹೆಣಮಕ್ಕಳಿಗೆ ಹಿಂಗ ಅನ್ನಾಂವ ಅದೆಂಥಾ ಮನೆತನದಾಗ ಹುಟ್ಟ್ಯಾನೋ!"

"ಹೌದು ಹೌದು" ಎಂದೆ. ನಾಲಿಗೆ ಆಗಲೇ ಉರಿಯತೊಡಗಿತ್ತು.

"ಅಂವನ ಮನ್ಯಾಗ ಮುದುಕೇರು ಇಲ್ಲೇನು, ಬುದ್ಧಿ ಹೇಳಾಕ?"

ಕೊತ್ತಂಬರಿ ಮರೆತು ಮೇಲೆ ಬಂದೆ.

ಮಾತನ್ನು ಅಳಿಸಬೇಕಿತ್ತು. ಅಳಿಸುವುದು ಹೇಗೆಂದು ನನಗೆ ಗೊತ್ತಿಲ್ಲ. ಮಗನನ್ನು ಕೇಳಿದರೆ ಏನು ಅಳಿಸುತ್ತೀ ಎಂದು ಕೇಳುತ್ತಾನೆ, ಸೊಸೆಯನ್ನು ಕೇಳಿದರೆ ಕೇಳದೆಯೇ ಗೊತ್ತು ಮಾಡಿಕೊಳ್ಳುತ್ತಾಳೆ. ಒಂದು ದಿನ ಪೂರ್ತಿ ಒದ್ದಾಡಿ, ಕೊನೆಗೆ ನಾನು ಮಾಡಿದ್ದೇನು ಗೊತ್ತೇ? ಫೋನಿನ ವಿಷಯದಲ್ಲಿ ಏನೇ ತೊಡಕಾದರೂ ಪ್ರಣಿತಾಳ ಹತ್ತಿರ ಹೋಗಿ ರೂಢಿ. ಕಾಲು ಅಲ್ಲಿಗೇ ಹೋಯಿತು.

"ವಾಯ್ಸ್ ಮೆಸೇಜು ಕಳಿಸಿದ ಮೇಲೆ ಒರೆಸಿ ಹಾಕುವುದು ಹೇಗೆ ಮಾರಾಯ್ತಿ?"

"ಯಾರದ್ದು ಅಜ್ಜಿ?"

"ಪಕ್ಕದ ಗುಲಾಬಿಯದ್ದು. ಏನೋ ತಪ್ಪು ಹೋಯ್ತಂತೆ."

ಪ್ರಣಿತಾ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ, "ತುಂಬಾ ದಿನ ಆದ್ರೆ ಎಲ್ಲರ ಫೋನಿಂದ ಹೋಗಲ್ಲ ಅಜ್ಜಿ. ಸಿರ್ಫ್ ನಮ್ಮ ಫೋನಿಂದ ಹೋಗ್ತದೆ. ಅವರಿಗೆ ಹೇಳಿ" ಎಂದಳು. ಎಂಥ ಕಾಯ್ದೆ ನೋಡಿ. ಹೇಳಿದವಳಿಗೆ ಮಾತ್ರ ಮರೆವು, ಕೇಳಿದವರಿಗೆಲ್ಲ ನೆನಪು. ಗುಲಾಬಿಯ ಹತ್ತಿರ ಇರುವುದು ಗುಂಡಿ ಒತ್ತುವ ಹಳೇ ಫೋನು ಎಂಬುದು ನನಗೆ ನೆನಪಾದದ್ದು ಮಲಗಲು ಚಾಪೆ ಹಾಸುವಾಗ.

ಅಷ್ಟರಲ್ಲಿ ನಮ್ಮ ಊರಿನವರ ಸಂಘ ಎಚ್ಚೆತ್ತುಕೊಂಡಿತು. ಕಾರ್ಯದರ್ಶಿ ಭೋಜಣ್ಣ ಫೋನು ಮಾಡಿ, "ಜಲಜಕ್ಕ, ಭಾನುವಾರ ಖಂಡನಾ ಸಭೆ. ನಮ್ಮ ಮಗುವಿಗೆ ಆದ ಅವಮಾನ ಇಡೀ ಸಮಾಜಕ್ಕೆ ಆದದ್ದು. ನೀವು ಬರಲೇಬೇಕು" ಎಂದರು. ನನಗೆ ಎದೆ ತುಂಬಿ ಬರುವ ಮೊದಲೇ, "ಸ್ವಲ್ಪ ಬೇಗ ಬನ್ನಿ, ಉಪ್ಪಿಟ್ಟು ಶೀರಾ ನಿಮ್ಮ ಕೈಯದ್ದೇ ಆಗಬೇಕು" ಎಂದೂ ಸೇರಿಸಿದರು.

ನಮ್ಮ ಸಂಘದ ಸಭೆಗಳ ಕ್ರಮ ಎಂದೂ ತಪ್ಪಿಲ್ಲ. ಪ್ರಾರ್ಥನೆಯ ಹೊತ್ತಿಗೆ ಹಿಂದಿನ ಅಡುಗೆಕೋಣೆಯಲ್ಲಿ ನಾವು ಹೆಂಗಸರು ರವೆ ಹುರಿಯಲು ಇಡುತ್ತೇವೆ, ಸ್ವಾಗತ ಭಾಷಣಕ್ಕೆ ಒಗ್ಗರಣೆ, ಅಧ್ಯಕ್ಷರು ಎದ್ದು ನಿಂತರೆ ನೀರು ಕುದಿಯಬೇಕು. ವಂದನಾರ್ಪಣೆಗೆ ಸರಿಯಾಗಿ ಉಪ್ಪಿಟ್ಟು ಅರಳಿರುತ್ತದೆ. ಆ ದಿನ ವೇದಿಕೆಯ ಮೇಲೆ ಎಂಟು ಕುರ್ಚಿ, ಏಳು ಗಂಡಸರು. ಪ್ರಣಿತಾಳನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದರು. ಒಂದು ಕುರ್ಚಿ ಖಾಲಿ ಇದ್ದರೂ ಮೇಲಕ್ಕೆ ಕರೆಯಲಿಲ್ಲ, ಯಾಕೆಂದರೆ ಆ ಕುರ್ಚಿ ಇನ್ನೂ ಬಾರದ ಒಬ್ಬ ಹೋಟೆಲು ಮಾಲೀಕರದ್ದು. ಭೋಜಣ್ಣ ಮೈಕು ಹಿಡಿದು, "ಹೆಣ್ಣನ್ನು ಅಡುಗೆಮನೆಗೆ ಕಳಿಸುವ ಕಾಲ ಮುಗಿಯಿತು ಎಂದು ಆ ಕೋಚಿಗೆ ಈ ವೇದಿಕೆಯಿಂದ ಎಚ್ಚರಿಕೆ ಕೊಡುತ್ತೇವೆ!" ಎಂದು ಗುಡುಗಿದರು. ಚಪ್ಪಾಳೆ ಬಿತ್ತು. ಅವರು ಹಾಗೇ ವೇದಿಕೆಯ ಪಕ್ಕದ ಬಾಗಿಲಿಂದ ತಲೆ ಒಳಗೆ ಹಾಕಿ, ಸ್ವರ ತಗ್ಗಿಸಿ, "ಜಲಜಕ್ಕ, ಚಾ ಆಯ್ತಾ? ಅಧ್ಯಕ್ಷರಿಗೆ ಸಕ್ಕರೆ ಬೇಡ" ಎಂದರು.

ಸಕ್ಕರೆ ಹಾಕದ ಚಾ ಬೇರೆ ತೆಗೆದಿಡುವಾಗಲೇ ಮೈಕಿನಲ್ಲಿ ನನ್ನ ಹೆಸರು ಕೇಳಿಸಿತು. ಇಂಥ ಧೀರ ಹುಡುಗಿಯನ್ನು ಬೆಳೆಸಿದ ಅಜ್ಜಿಗೆ ಸನ್ಮಾನವಂತೆ! ಸೆರಗಿಗೆ ಕೈ ಒರೆಸುತ್ತಾ ಹೋದೆ. ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು, ಎರಡು ಮಾತು ಹೇಳಿ ಎಂದು ಮೈಕು ಮುಂದೆ ಹಿಡಿದರು. ಸಭೆಯಲ್ಲಿ ನಮ್ಮ ಕುಟುಂಬದ ಗುಂಪಿನವರೇ ಏಳೆಂಟು ಮಂದಿ ಕಂಡರು. ಕಾಪುವಿನ ನಾದಿನಿಯ ಮಗ ಮೂರನೇ ಸಾಲಿನಲ್ಲಿ ಕೂತು ಫೋನು ಎತ್ತಿ ವೀಡಿಯೋ ಮಾಡುತ್ತಿದ್ದ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ ಎನಿಸಿ, "ಆ ಕೋಚ್ ಹೇಳಿದ್ದನ್ನು ನಾನು ಇವಳಿಗೆ ಇಪ್ಪತ್ತು ವರ್ಷದಿಂದ ಹೇಳ್ತಾ ಇದ್ದೇನೆ. ಖಂಡಿಸುವುದಾದರೆ ನನ್ನನ್ನೂ ಖಂಡಿಸಿ, ಒಂದೇ ಖರ್ಚಿನಲ್ಲಿ ಮುಗಿಯಲಿ" ಎಂದೆ.

ಸಭೆ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರು ಮೇಜು ಬಡಿದರು. ಭೋಜಣ್ಣ ಕಣ್ಣೊರೆಸಿಕೊಳ್ಳುತ್ತಾ, "ನೋಡಿ, ಜಲಜಕ್ಕನ ಹಾಸ್ಯಪ್ರಜ್ಞೆ!" ಎಂದರು. ಬದುಕಿನಲ್ಲಿ ಒಂದೇ ಸಲ ತಪ್ಪೊಪ್ಪಿಕೊಂಡೆ, ಅದಕ್ಕೂ ಚಪ್ಪಾಳೆ. ನಗದೆ ಇದ್ದವಳು ಒಬ್ಬಳೇ. ಮೊದಲ ಸಾಲಿನಲ್ಲಿ ಪ್ರಣಿತಾ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ನನಗೆ ಉಪ್ಪಿಟ್ಟು ಸೇರಲಿಲ್ಲ. ಅದಕ್ಕೆ ಉಪ್ಪು ಹಾಕಿರಲಿಲ್ಲ ಎಂದು ಕೊನೆಗೆ ತಿಳಿಯಿತು, ಅದು ಬೇರೆ ವಿಷಯ.

ಮಂಗಳವಾರ ಸಂಜೆ ಅವಳು ಆಫೀಸಿನಿಂದ ಬೇಗ ಬಂದಳು. ಕೈಕಾಲು ತೊಳೆದು, ನೋಟ್‌ಬುಕ್ಕು ಹಿಡಿದು, ಅಡುಗೆಮನೆಯಲ್ಲಿ ನನ್ನ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಅಜ್ಜಿ, ಪತ್ರೊಡೆ ಹೇಗೆ ಮಾಡೋದು?"

ಈ ಪ್ರಶ್ನೆಗೆ ನಾನು ಎಷ್ಟು ವರ್ಷ ಕಾದಿದ್ದೆ! ಕೆಸುವಿನ ಎಲೆ ತುರಿಸದ ಹಾಗೆ ಹೇಗೆ ಆರಿಸುವುದು, ಹಿಟ್ಟಿಗೆ ಹುಣಿಸೆಹುಳಿ ಎಷ್ಟು, ಎಲ್ಲ ಗಂಟಲಲ್ಲಿ ತಯಾರಿತ್ತು. ಬಾಯಿ ತೆರೆಯುವ ಮೊದಲು, "ಈಗ ಯಾಕೆ?" ಎಂದು ಕೇಳಿದೆ.

"ಎಡಿಟರ್ ಹೇಳಿದ್ರು, ಗಲಾಟೆ ಠಂಡಾ ಆಗೋ ತನಕ ಸ್ಪೋರ್ಟ್ಸ್ ಬೇಡ, ಫುಡ್ ಪೇಜ್ ಮಾಡು ಅಂತ. ಈ ಗುರುವಾರ ಕೋಚ್ ಹತ್ತಿರ ಬೇರೆ ಹುಡುಗ ಹೋಗ್ತಾನೆ." ಅವಳು ನೋಟ್‌ಬುಕ್ಕಿನ ಮೂಲೆ ಮಡಚುತ್ತಾ ಇದ್ದಳು. "ನನ್ನ ಸೇಫ್ಟಿಗೆ ಅಂತೆ."

ಇಡೀ ದೇಶ ಆ ಕೋಚನ್ನು ಬೈದು, ಅವನು ಹೇಳಿದ ಜಾಗಕ್ಕೇ ಇವಳನ್ನು ಕಳಿಸಿತ್ತು. ನಾನು ಕೇಳಿಕೊಂಡದ್ದೂ ಅದೇ ಅಲ್ಲವೇ? ಬಂದಳಲ್ಲ ಅಡುಗೆಮನೆಗೆ. ಸಂತೋಷ ಆಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು.

ನನ್ನ ಗಂಡ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ ಕರೆದುಕೊಂಡು ಹೋಗಿ ಅಲ್ಲಿಯ ಫ್ಯಾಮಿಲಿ ರೂಮಿನಲ್ಲಿ ಕೂರಿಸಿದರು. ಹೆಂಗಸರು ಹೊರಗೆ ಕೂರುವ ಪದ್ಧತಿ ಇರಲಿಲ್ಲ. ಮುಂದೆ ಒಂದು ಹಸಿರು ಪರದೆ. ಹೊರಗೆ ರೇಡಿಯೋದಲ್ಲಿ ಯಾವುದೋ ಮ್ಯಾಚು. ಇದ್ದಕ್ಕಿದ್ದಂತೆ ಗಂಡಸರೆಲ್ಲ ಹೋ ಎಂದು ಕೂಗಿದರು. ಗಂಡ ದೋಸೆ ತಂದಿಟ್ಟಾಗ, "ಅವರು ಯಾಕೆ ಕೂಗಿದ್ದು?" ಎಂದು ಕೇಳಿದೆ. "ನಿನಗೆ ಅದೆಲ್ಲ ಎಂತಕ್ಕೆ? ದೋಸೆ ತಿನ್ನು" ಎಂದರು. ತಿಂದೆ. ದೋಸೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಅವರು ಯಾಕೆ ಕೂಗಿದ್ದೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

"ಪತ್ರೊಡೆ ನಾನು ಹೇಳಿಕೊಡುವುದಿಲ್ಲ" ಎಂದೆ.

"ಅಜ್ಜಿ?"

"ಇಲ್ಲ ಅಂದ್ರೆ ಇಲ್ಲ. ನೀರುದೋಸೆ ಇಲ್ಲ, ಕಡುಬು ಇಲ್ಲ, ಒಂದು ಗಂಜಿಯ ಲೆಕ್ಕವೂ ನಿನಗೆ ಸಿಗುವುದಿಲ್ಲ. ಅಜ್ಜಿ ಬಾಯಿ ಬಿಡುವುದಿಲ್ಲ ಅಂತ ನಿನ್ನ ಎಡಿಟರಿಗೆ ಹೇಳು. ಆ ಡಿಫೆಂಡರನ್ನು ಯಾಕೆ ಹೊರಗೆ ಕೂರಿಸಿದ್ದು ಅಂತ ಕೇಳಿಕೊಂಡು ಬಾ, ಆಮೇಲೆ ಮಾತು."

ಪ್ರಣಿತಾ ನೋಟ್‌ಬುಕ್ಕು ಮುಚ್ಚಿ, "ಎಲ್ಲರೂ ಕೇಳ್ತಾರೆ ಅಜ್ಜಿ, ಅವನು ಹಾಗೆ ಹೇಳಿದಾಗ ನೀನು ಅಷ್ಟು ಕೂಲ್ ಆಗಿ ಹೇಗೆ ನಕ್ಕೆ ಅಂತ" ಎಂದಳು.

"ಹೇಗೆ ನಕ್ಕೆ?"

"ನಿಮ್ಮ ವಾಯ್ಸ್ ನೋಟ್ ಬಂದ ದಿವಸಾನೇ ಕೇಳಿದ್ದೆ. ಆ ಕೋಚ್ ಬಾಯಿ ಬಿಟ್ಟಾಗ ನನಗೆ ನಿಮ್ಮದೇ ಆವಾಜ್ ಕೇಳಿಸ್ತು. ಹಸೀ ಆ ಗಯೀ, ನಗು ಬಂದುಬಿಡ್ತು." ಅವಳು ನಗುತ್ತಿರಲಿಲ್ಲ. "ಅವನು ಹೇಳಿದ್ದಕ್ಕೆ ನಾನು ಅಳಲಿಲ್ಲ ಅಜ್ಜಿ. ನಿಮ್ಮದು ಕೇಳಿದ ದಿವಸ ಲೋಕಲ್ ಟ್ರೈನಲ್ಲಿ, ಘಾಟ್‌ಕೋಪರ್‌ನಿಂದ ದಾದರ್ ತನಕ..." ಅಲ್ಲಿಗೆ ನಿಲ್ಲಿಸಿದಳು.

ಬಾಯಿ ಜೋರಿದ್ದವರ ಕಷ್ಟ ಇದು, ಬೇಕಾದಾಗ ಅದು ಕೆಲಸಕ್ಕೆ ಬರುವುದಿಲ್ಲ. "ತಪ್ಪಾಯ್ತು" ಎನ್ನಬೇಕಿತ್ತು. ನಾನು ಅಂದದ್ದು, "ಊಟಕ್ಕೆ ಏಳು." ಅವಳಿಗೆ ಅರ್ಥವಾಯಿತೋ ಇಲ್ಲವೋ, ಎದ್ದಳು.

ಮರುದಿನ ಅವಳು ಎಡಿಟರ ಹತ್ತಿರ, ಪತ್ರೊಡೆ ಸಿಗಲಿಲ್ಲ, ನಾಳೆ ನಾನೇ ಹೋಗುತ್ತೇನೆ, ಕಳಿಸದಿದ್ದರೆ ಯಾಕೆ ಕಳಿಸಲಿಲ್ಲ ಎಂದು ಬರೆಯುತ್ತೇನೆ ಎಂದಳಂತೆ. ಸಂಜೆಯೊಳಗೆ ಅವರು ಹೂಂ ಎಂದರು. ಗುರುವಾರ ಮಗ ಕೆಲಸಕ್ಕೆ ಹೋಗುವ ಮೊದಲು ಟಿವಿಗೆ ಏನೋ ಜೋಡಿಸಿ ಆ ಪ್ರಶ್ನೆ ಕೇಳುವ ಕಾರ್ಯಕ್ರಮ ಬರುವ ಹಾಗೆ ಮಾಡಿದ. ಖತೀಜಾಬಿಯೂ ಗಾಡಿಗೆ ಗೋಣಿ ಮುಚ್ಚಿ ಮೇಲೆ ಬಂದಳು. ಕೋಚ್ ಬಂದು ಕೂತು, ಒಂದು ಕಾಗದ ನೋಡಿಕೊಂಡು ಕ್ಷಮೆ ಕೇಳಿದ. ನನ್ನ ಕಣ್ಣು ಅವನ ಮೇಲಿರಲಿಲ್ಲ. ಮತ್ತೆ ಏನಾದರೂ ಅಂದರೆ? ಮತ್ತೆ ಎಲ್ಲರೂ ನಕ್ಕರೆ? ತೊಡೆಯ ಮೇಲಿದ್ದ ಫೋನನ್ನು ತೆಂಗಿನಕಾಯಿಯ ಹಾಗೆ ಗಟ್ಟಿಯಾಗಿ ಹಿಡಿದಿದ್ದೆ. ಪ್ರಣಿತಾ ಎದ್ದಳು. "ಸರ್, ಹೋದ ವಾರದ ಪ್ರಶ್ನೆ ಬಾಕಿ ಇದೆ" ಎಂದಳು. ಯಾರೂ ನಗಲಿಲ್ಲ. ಅವನು ನೀರು ಕುಡಿದು, ಮೇಜು ನೋಡುತ್ತಾ, ತುಂಬ ಹೊತ್ತು ಮಾತಾಡಿದ.

"ಏನಂದ, ಆಯಿ?" ಎಂದು ಖತೀಜಾಬಿ ಕೇಳಿದಳು.

"ಉತ್ತರ ಕೊಟ್ಟ" ಎಂದೆ. ನನಗೆ ಒಂದಕ್ಷರ ತಿಳಿದಿರಲಿಲ್ಲ. ಸಂಜೆ ಅವಳು ಬಂದ ಮೇಲೆ ಕೇಳಬೇಕು.

ಒಂದು ವಾರದ ಚಿಂತೆ ಅಲ್ಲಿಗೆ ಮುಗಿಯಿತು. ಆಮೇಲೆಯೇ ಅವಳನ್ನು ಸರಿಯಾಗಿ ನೋಡಿದ್ದು. ಇಸ್ತ್ರಿ ಇಲ್ಲದ ಅಂಗಿ. ಕೂದಲು ಕಾಗೆ ಗೂಡು. ಇಡೀ ದೇಶ ನೋಡುತ್ತದೆ, ಒಂದು ಜಡೆ ಹಾಕಿಕೊಂಡು ಹೋಗಬಾರದಿತ್ತೇ? ಈ ಅವತಾರ ನೋಡಿದ ಮೇಲೆ ಕಾಪುವಿನ ಆ ಸಂಬಂಧದವರು ಏನೆಂದುಕೊಂಡಾರು!

"ಏನ್ ಮಾಡಾಕತ್ತೀರಿ, ಆಯಿ?" ಎಂದಳು ಖತೀಜಾಬಿ.

ತಗ್ಗಿ ನೋಡಿದರೆ ಕುಟುಂಬದ ಗುಂಪು ತೆರೆದಿತ್ತು, ನನ್ನ ಹೆಬ್ಬೆರಳು ಮೈಕಿನ ಚಿತ್ರವನ್ನು ಒತ್ತಿ ಹಿಡಿದಿತ್ತು. ಅಲ್ಲಿಯವರೆಗೆ ನಾನು ಅಂದುಕೊಂಡದ್ದರಲ್ಲಿ ಎಷ್ಟನ್ನು ಬಾಯಿಬಿಟ್ಟು ಹೇಳಿದ್ದೆನೋ ನನಗೆ ನೆನಪಿಲ್ಲ. ಬೆರಳು ಬಿಟ್ಟರೆ ಹೋಗುತ್ತದೆ. ಬಿಡದೆ ಕೂತಿದ್ದೇನೆ. ಅವಳು ಅಲ್ಲಿಂದ ಮನೆ ಮುಟ್ಟಲು ಇನ್ನೂ ಎರಡು ಗಂಟೆ ಇದೆ, ಮತ್ತು ಇದನ್ನು ಬಿಡಿಸುವ ಉಪಾಯ ಗೊತ್ತಿರುವುದು ಅವಳಿಗೆ ಮಾತ್ರ.