ಅಣ್ಣನ ಹೇರಳೆ ಸೋಡಾ

ಬಾರ್ ಕೌಂಟರಿನ ಹಿಂದೆ ವರ್ಷಗಟ್ಟಲೆ ನಿಂತವನು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಂದು ಎದುರಿನ ಸ್ಟೂಲಿನ ಮೇಲೆ ಕೂರುತ್ತವೆ. ನನಗೆ ಸಿಕ್ಕ ಪ್ರಸಂಗಗಳಲ್ಲಿ ಹೆಚ್ಚಿನವು ಒಂದೇ ಪಾನೀಯದ ಸುತ್ತ ನಡೆದವು. ಭದ್ರಾವತಿಯ ಕಾಗದನಗರದ ಕ್ಲಬ್ಬಿನಲ್ಲಿ ಅದನ್ನು ನನಗೆ ಕಲಿಸಿದ ಸೀನಿಯರ್ ತಮಿಳುನಾಡಿನ ಧರ್ಮಪುರಿ ಕಡೆಯವರು. ಎಲ್ಲರಿಗೂ ಅವರು ಅಣ್ಣ. ಅವರಿಗೆ ನಾನು ತಂಬಿ.

ಹೇರಳೆಹಣ್ಣಿನ ಸಿಪ್ಪೆಯನ್ನು ಬಿಳಿ ಭಾಗ ಬಾರದಂತೆ ತೆಳ್ಳಗೆ ಹೆರೆದು ಒಂದು ವಾರ ಜಿನ್‌ನಲ್ಲಿ ನೆನೆಹಾಕಬೇಕು. ಬೇಸಿಗೆಯ ಸಂಜೆ ಅದಕ್ಕೆ ಕಿತ್ತಳೆ ರಸ, ಸ್ವಲ್ಪ ಸಕ್ಕರೆ ಪಾಕ, ಐಸು. ಕೊನೆಗೆ ಸೋಡಾ. "ಮೇಲಿಂದ ಸುರೀಬೇಡ ತಂಬಿ, ಗ್ಯಾಸ್ ಹೋಗ್ತದೆ. ಮಗು ತಲೆಗೆ ನೀರು ಹಾಕೋ ಹಾಗೆ ಮೆತ್ತಗೆ ಹಾಕು" ಅನ್ನುತ್ತಿದ್ದರು ಅಣ್ಣ. ಹಸಿವು ಕೆರಳಲೆಂದು ಊಟಕ್ಕೆ ಅರ್ಧ ಗಂಟೆ ಮುಂಚೆ ಕುಡಿಯುವಂಥದ್ದು ಅದು.

ಜಾಡಿ ಬದಲಾದ ಸಂಜೆ

ದೊಡ್ಡ ಸಾಹೇಬರೊಬ್ಬರ ಬೀಳ್ಕೊಡುಗೆ. ಅಣ್ಣ ಎರಡು ಜಾಡಿ ಸಿದ್ಧ ಮಾಡಿದ್ದರು: ಒಂದು ಕುಡಿಯುವವರಿಗೆ ಜಿನ್‌ನದ್ದು, ಇನ್ನೊಂದು ಕುಡಿಯದವರಿಗೆ ಬರೀ ಸಕ್ಕರೆ ಪಾಕದ್ದು. ಗಡಿಬಿಡಿಯಲ್ಲಿ ನಾನು ಎಲ್ಲರ ಗ್ಲಾಸಿಗೂ ಒಂದೇ ಜಾಡಿಯಿಂದ ಹಾಕಿಬಿಟ್ಟೆ.

ಎರಡನೇ ಸುತ್ತಿಗೆ ಹುಲ್ಲುಹಾಸಿನ ಮೇಲೆ ಹಾಡು ಶುರುವಾಯಿತು. ಹತ್ತು ವರ್ಷದಿಂದ ಪರಸ್ಪರ ಮಾತು ಬಿಟ್ಟಿದ್ದ ಇಬ್ಬರು ಇಂಜಿನಿಯರುಗಳು ತಬ್ಬಿಕೊಂಡು ಅತ್ತರು. ಅಣ್ಣ ಅನುಮಾನದಿಂದ ಜಾಡಿಯ ರುಚಿ ನೋಡಿ ಬೆಚ್ಚಿಬಿದ್ದರು. "ತಂಬಿ, ಇದು ಕುಡಿಯದವರದ್ದು!"

ನಾನು ಹೇಳಲು ಹೊರಟರೆ ಕೈ ಹಿಡಿದೆಳೆದರು. "ಸುಮ್ನಿರು ಮಾರಾಯ. ಹತ್ತು ವರ್ಷದ ಮೇಲೆ ಮಾತಾಡ್ತಾ ಇದಾರೆ."

ಹೊರಡುವಾಗ ಸಾಹೇಬರು ತೂರಾಡುತ್ತ ಬಂದು ಕಾರಿನ ಕೀಲಿಯನ್ನು ಅಣ್ಣನ ಕೈಗಿಟ್ಟರು. "ನಾನು ನಡ್ಕೊಂಡೇ ಹೋಗ್ತೀನಪ್ಪ. ಇವತ್ತು ಸ್ವಲ್ಪ ಜಾಸ್ತಿ ಆಯ್ತು."

ಅಣ್ಣ ಗಂಭೀರವಾಗಿ ತಲೆಯಾಡಿಸಿದರು. "ಹೌದು ಸಾರ್. ಸಕ್ಕರೆ ಜಾಸ್ತಿ ಆಯ್ತು."

ಬಸ್ ಸ್ಟ್ಯಾಂಡು

ಆಮೇಲೆ ಕಾಗದದ ಕಾರ್ಖಾನೆ ನಿಂತು, ಕ್ಲಬ್ಬೂ ಮುಚ್ಚಿತು. ಕ್ವಾರ್ಟರ್ಸುಗಳು ಒಂದೊಂದಾಗಿ ಖಾಲಿಯಾದವು. ಅಣ್ಣನೂ ಊರಿಗೆ ಹೊರಟರು. ಹೋಗುವ ದಿನ ಬೆಳಗ್ಗೆಯೂ ಒಂದು ಬುಟ್ಟಿ ಹೇರಳೆಹಣ್ಣು ತಂದು, "ಬಾ, ನಿಂಗೊಂದು ಜಾಡಿ ಹಾಕಿಟ್ಟೇ ಹೋಗ್ತೀನಿ" ಎಂದರು. ಇಬ್ಬರೂ ಕೂತು ಹೆರೆದೆವು. ಹೊತ್ತಾಯಿತೆಂದು ಕೈ ಕೂಡ ತೊಳೆಯದೆ ಭದ್ರಾವತಿ ಬಸ್ ಸ್ಟ್ಯಾಂಡಿಗೆ ಓಡಿದೆವು.

ಬಸ್ಸು ಬಂದು ನಿಂತಾಗ ಇಬ್ಬರಿಗೂ ಕಣ್ಣು ತುಂಬಿತು. ಒರೆಸಿಕೊಂಡೆವು. ಬೆರಳಲ್ಲಿದ್ದ ಸಿಪ್ಪೆಯ ಎಣ್ಣೆ ಕಣ್ಣಿಗೆ ಹತ್ತಿ ಉರಿ ತಡೆಯಲಾಗಲಿಲ್ಲ. ಮತ್ತೆ ಒರೆಸಿಕೊಂಡೆವು, ಇನ್ನೂ ಉರಿಯಿತು. ಕಣ್ಣು ಬಿಡಲಾಗದೆ, ಒಬ್ಬರ ಭುಜ ಒಬ್ಬರು ಹಿಡಿದು ಅಳುತ್ತ ನಿಂತ ನಮ್ಮನ್ನು ಕಂಡು, ಕಿಟಕಿಯ ಪಕ್ಕ ಕೂತಿದ್ದ ಹೆಂಗಸರೂ ಸೆರಗು ಬಾಯಿಗೆ ಹಿಡಿದರಂತೆ.

ಕಂಡಕ್ಟರ್ ಸೀಟಿ ಊದಿದ. "ಅಳೋದು ಆಮೇಲೆ ಇಟ್ಕೊಳ್ಳಿ. ಇಬ್ಬರಲ್ಲಿ ಹೋಗೋರು ಯಾರು?"

ನಾವಿಬ್ಬರೂ ಕೈ ಎತ್ತಿದೆವು.

ಕುಂಸಿಯ ಯಜಮಾನರು

ನಾನು ಶಿವಮೊಗ್ಗದ ಒಂದು ಹೋಟೆಲಿಗೆ ಸೇರಿದೆ. ಅಲ್ಲಿನ ಮ್ಯಾನೇಜರು ನನ್ನ ಹೇರಳೆ ಸೋಡಾ ಕುಡಿದು ಮೆಚ್ಚಿ, ಮೆನುವಿನಲ್ಲಿ ಅದಕ್ಕೆ 'ಸಿಟ್ರಸ್ ಸ್ಪಾರ್ಕ್ಲಿಂಗ್ ಅಪೆರಿಟಿಫ್' ಎಂದು ನಾಮಕರಣ ಮಾಡಿದರು. ಆ ಹೆಸರಲ್ಲಿ ಕೇಳಿದರೆ ನನಗೇ ಅದು ಯಾವುದೆಂದು ಹೊಳೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕುಂಸಿ ಕಡೆಯ ಯಜಮಾನರೊಬ್ಬರು, ಗದ್ದೆಯಿಂದ ನೇರ ಬಂದವರಂತೆ ಬೆವರುತ್ತ ಬಂದು ಕೂತರು. ನಾನು ಗ್ಲಾಸು ತಂದಿಟ್ಟು ವಿವರಿಸಿದೆ: "ಸಾರ್, ಇದು ಊಟಕ್ಕೆ ಮುಂಚೆ. ಹಸಿವು ಆಗ್ಲಿ ಅಂತ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಲ್ಲ ಮಾರಾಯ, ಹಸಿವು ನಾನು ಮನೆಯಿಂದಲೇ ತಂದಿದೀನಿ. ನೀನು ಊಟ ತಗೊಂಡ್ಬಾ."

ಅಣ್ಣನಿಗೆ ಆ ಸಂಜೆಯೇ ಫೋನ್ ಮಾಡಿ ಹೇಳಿದೆ. ಅವರು ಕೆಮ್ಮು ಬರುವಷ್ಟು ನಕ್ಕರು. 

ವಿಡಿಯೋ ಕಾಲ್

ಪ್ರತಿ ಬೇಸಿಗೆಗೂ ಅಣ್ಣ "ಬರ್ತೀನಿ ತಂಬಿ" ಅನ್ನುತ್ತಾರೆ. ಪ್ರತಿ ಬೇಸಿಗೆಗೂ ಅವರ ಮಂಡಿ ಒಪ್ಪುವುದಿಲ್ಲ. ನಾನು ಹೋಗೋಣವೆಂದರೆ ಸೀಸನ್ನಿನಲ್ಲಿ ರಜೆ ಸಿಗುವುದಿಲ್ಲ. ಈ ಸಲ ನನ್ನ ವಾರದ ರಜೆಯ ದಿನ, ಭದ್ರಾವತಿಯ ನಮ್ಮ ಮನೆ ಅಡುಗೆಕಟ್ಟೆಯ ಮೇಲಿನ ಗೂಡಿನಲ್ಲಿ ಫೋನ್ ಒರಗಿಸಿಟ್ಟು ವಿಡಿಯೋ ಕಾಲ್ ಮಾಡಿದೆ. ಅವರು ಅಲ್ಲಿ, ನಾನು ಇಲ್ಲಿ, ಒಟ್ಟಿಗೇ ಮಾಡಿ ಕುಡಿಯುವುದು ಅಂತ.

ನಾನು ಅಗಲ ಬಾಯಿಯ ಗಾಜಿನ ಜಗ್ಗಿನಲ್ಲಿ ಬೆರೆಸಿದೆ. "ಮೆತ್ತಗೆ, ಮೆತ್ತಗೆ" ಎಂದು ಅಲ್ಲಿಂದಲೇ ಗದರಿದರು. ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು.  

"ಚಿಯರ್ಸ್ ತಂಬಿ" ಎಂದು ಅವರು ಗ್ಲಾಸನ್ನು ಮುಂದೆ ತಂದರು. ನಾನೂ ನನ್ನ ಗ್ಲಾಸನ್ನು ತಂದು, ಅವರು ನಿಜವಾಗಿ ಎದುರಿಗಿದ್ದಾರೆಂಬಂತೆ, ಫೋನಿಗೆ ಟಣ್ಣನೆ ತಾಗಿಸಿದೆ. ಫೋನು ಜಾರಿ ನೇರ ಕೆಳಗಿದ್ದ ಜಗ್ಗಿನೊಳಕ್ಕೆ ಹೋಯಿತು. ಸೋಡಾ ಬುಸ್ಸೆಂದು ಉಕ್ಕಿತು. ಪರದೆಯ ಮೇಲೆ ಅಣ್ಣನ ಮುಖ ಗುಳ್ಳೆಗಳ ನಡುವೆ ಒಂದು ಗಳಿಗೆ ತೇಲಿ ಆರಿಹೋಯಿತು.

ಮರುನಿಮಿಷವೇ ನನ್ನ ಹೆಂಡತಿಯ ಫೋನು ಬಡಿದುಕೊಂಡಿತು. ಅಣ್ಣನ ಕೂಗು ನನಗೂ ಕೇಳಿಸಿತು: "ತಂಗಚ್ಚಿ, ಬೇಗ ಓಡು! ತಂಬಿ ನೀರಿಗೆ ಬಿದ್ದ!"

ಅವಳು ನನ್ನನ್ನು ನೋಡಿದಳು, ಜಗ್ಗನ್ನು ನೋಡಿದಳು. "ಅವರು ಬಿದ್ದಿಲ್ಲ ಅಣ್ಣ. ನೀವು ಬಿದ್ದಿದೀರಿ" ಎಂದು ಹೇಳಿ ಫೋನನ್ನು ನನ್ನ ಕೈಗೆ ಕೊಟ್ಟಳು.

ನಡೆದದ್ದನ್ನು ಹೇಳಿದೆ.  ಅಣ್ಣನಿಗೆ ಬೇಸರವಾದೀತೇನೋ ಅಂದುಕೊಂಡೆ.

"ತಂಬಿ," ಎಂದರು ಮೆಲ್ಲಗೆ. "ಬರಲಿಲ್ಲ, ಬರಲಿಲ್ಲ ಅಂತ ಪ್ರತಿ ವರ್ಷ ನನ್ನ ಬೈತಿದ್ದೆಯಲ್ಲ. ಈಗ ಬಂದಿದೀನಿ. ಸೋಸ್ಕೊಂಡು ಕುಡಿ."