ತಿರುಗೋ ಕುರ್ಚಿಯೂ ಕೆನಡಾ ಅರ್ಜಿಯೂ

ನನ್ನ ಹೆಂಡತಿ ಬೈದರೆ ನನಗೆ ಭಯ ಇಲ್ಲ. ಅದು ದಿನಾ ಇರೋದೆ. ಅವಳು ತಟ್ಟೆ ಕುಕ್ಕಿದರೆ, ಮಾತು ಬಿಟ್ಟರೆ, ತವರಿಗೆ ಹೋಗ್ತೀನಿ ಅಂತ ಬ್ಯಾಗು ತೆಗೆದರೆ, ಎಲ್ಲಕ್ಕೂ ನನ್ನ ಹತ್ತಿರ ಒಂದೊಂದು ಮದ್ದು ಐತೆ. ಆದರೆ ಜಗಳ ಮಾಡದೆ, ದನಿ ಎತ್ತದೆ, ತಣ್ಣಗೆ "ಸರಿ ಬಿಡಿ" ಅಂದಳೋ, ಅದಕ್ಕೆ ಮಾತ್ರ ಮದ್ದೇ ಇಲ್ಲ. ಹೋದ ಭಾನುವಾರ ಸಂಜೆ ಪವಿತ್ರ ಆ ಮಾತನ್ನ ಕೆನಡಾದಿಂದ ಅಂದಳು. ಅಷ್ಟು ದೂರದಿಂದ ಬಂದರೂ ಅದರ ಚಳಿ ನಮ್ಮ ಚಳ್ಳಕೆರೆ ಬಿಸಿಲಿಗೆ ಒಂಚೂರೂ ಕರಗಲಿಲ್ಲ.

ಮೊದಲಿಂದ ಹೇಳ್ತೀನಿ, ಕೇಳಿ. ನಾನು ಗೋವರ್ಧನ. ಚಳ್ಳಕೆರೆಯ ಚಿಕ್ಕೀರಪ್ಪನೋರ ಎಣ್ಣೆ ಮಿಲ್ಲಿನಲ್ಲಿ ಕಡ್ಲೆಕಾಯಿ ಖರೀದಿ ನನ್ನ ಕೆಲಸ. ರೈತರು ತಂದ ಮೂಟೆಗೆ ಕೈ ಹಾಕಿ, ಒಂದು ಹಿಡಿ ತೆಗೆದು, ಕಿವಿ ಹತ್ತಿರ ಗಲಗಲ ಅನ್ನಿಸಿ, ಒಂದನ್ನ ಒಡೆದು ಬಾಯಿಗೆ ಹಾಕ್ಕಂಡು, "ಹಸಿ ಐತೆ, ಇನ್ನೊಂದು ಬಿಸಿಲು ಬೇಕು" ಅಂತ ನಾನು ತೀರ್ಪು ಕೊಟ್ಟರೆ ಅದಕ್ಕೆ ಅಪೀಲಿಲ್ಲ. ಕಣ್ಣು ಕಟ್ಟಿ ಮೂಗಿಗೆ ಹಿಡಿದರೂ ಸಾಕು, ಇದು ರಾಂಪುರದ ಕಡೆ ಕಾಯಿ, ಇದು ಪರಶುರಾಂಪುರದ್ದು ಅಂತ ಹೇಳಿಬಿಡ್ತೀನಿ. (ಕೊಚ್ಚಿಕೊಳ್ತಾನೆ ಅಂತೀರಾ? ಸ್ವಲ್ಪ ಹೌದು. ಆದರೆ ನನ್ನ ಮೂಗು ಮಾತ್ರ ಸುಳ್ಳಲ್ಲ.)

ಪವಿತ್ರ ಮೊಳಕಾಲ್ಮುರಿನವಳು, ರೇಷ್ಮೆ ಸೀರೆ ವ್ಯಾಪಾರದ ಮನೆತನ. ನರ್ಸಿಂಗ್ ಓದಿದಾಕೆ. ಕೆನಡಾದಲ್ಲಿ ವಯಸ್ಸಾದವರ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿ ಹೊರಟು ನಿಂತಾಗ ಊರಿಗೆ ಊರೇ ಬಂದು ನನ್ನನ್ನ ಸಂತೈಸಿತು. ಅವಳು ಅಲ್ಲಿಗೆ ಹೋಗಿ ಮಾಡಿದ ಮೊದಲ ಕೆಲಸ, 'ನನ್ನ ಗಂಡನ್ನ ಇಲ್ಲಿಗೆ ಕರೆಸಿಕೊಳ್ಳಕ್ಕೆ ಅನುಮತಿ ಕೊಡಿ' ಅಂತ ಅರ್ಜಿ ಹಾಕಿದ್ದು. ನಾನೂ ಇಲ್ಲಿಂದ ಸಹಿ ಹಾಕಿದೆ, ಮದುವೆ ಫೋಟೋ ಕಳಿಸಿದೆ. ಸರ್ಕಾರದ ಕೆಲಸ ತಾನೆ, ಫೈಲು ಎಲ್ಲೋ ಧೂಳು ತಿಂತಾ ಬಿದ್ದಿರುತ್ತೆ, ನನ್ನ ಮಂಡಿ ನೋವು ಶುರುವಾಗೋ ಹೊತ್ತಿಗೆ ಎದ್ದು ಬರುತ್ತೆ ಅಂತ ಧೈರ್ಯವಾಗಿದ್ದೆ. ಆ ಸರ್ಕಾರ ನನ್ನ ನಂಬಿಕೆಗೆ ದ್ರೋಹ ಬಗೆಯಿತು. "ಅರ್ಜಿ ಒಪ್ಪಿದೀವಿ, ಪಾಸ್‌ಪೋರ್ಟ್ ಕಳಿಸಿ" ಅಂತ ಮೆಸೇಜು ಬಂದೇ ಬಂತು.

ಅವತ್ತು ಶುರುವಾಯ್ತು ನೋಡಿ ನನ್ನ ಭಯ. ಚಳಿಗೆ ಭಯ, ವಿಮಾನಕ್ಕೆ ಭಯ, ಇಂಗ್ಲಿಷಿಗೆ ಭಯ. ಇವೆಲ್ಲ ಚಿಲ್ಲರೆ ಭಯಗಳು. ಮಹಾಭಯ ಬೇರೆ ಇತ್ತು. ಪವಿತ್ರ ಒಮ್ಮೆ ಅವಳ ಆಸ್ಪತ್ರೆ ಬಾಗಿಲಲ್ಲಿ ತೂಗುಹಾಕಿದ ಬೋರ್ಡಿನ ಫೋಟೋ ಕಳಿಸಿದ್ದಳು. ಅದರಲ್ಲಿ ಮುದ್ದಾದ ಒಂದು ಕಡ್ಲೆಕಾಯಿ, ಅದರ ಸುತ್ತ ಕೆಂಪು ದುಂಡುಗೆರೆ, ಮೇಲೆ ಅಡ್ಡಗೆರೆ! "ಇಲ್ಲಿ ಎಷ್ಟೋ ಜನಕ್ಕೆ ಕಡ್ಲೆಕಾಯಿ ಆಗಲ್ಲ ರೀ. ಒಂದು ಬೀಜ ತಿಂದ್ರೂ ಗಂಟಲು ಕಟ್ಟಿ ಪ್ರಾಣಕ್ಕೇ ಬರ್ತೈತೆ. ಸ್ಕೂಲು, ಆಸ್ಪತ್ರೆ ಒಳಗೆಲ್ಲ ತರಂಗೇ ಇಲ್ಲ" ಅಂದಿದ್ದಳು. ಅವಳೇನೋ ನಗ್ತಾ ಹೇಳಿದಳು. ನಾನು ಆ ಬೋರ್ಡನ್ನ ನೋಡಿದಾಗಲೆಲ್ಲ ಅಡ್ಡಗೆರೆ ಎಳೆದಿರೋದು ನನ್ನ ಮುಖದ ಮೇಲೇ ಅನ್ನಿಸೋದು. ಜನ್ಮವಿಡೀ ಕಲಿತ ವಿದ್ಯೆ ಒಂದೇ, ಅದೂ ಆ ದೇಶದಲ್ಲಿ ವಿಷ. ಅವಳು ಡ್ಯೂಟಿಗೆ ಹೋಗೋದು, ನಾನು ಮನೇಲಿ ಕುಂತು ಕಿಟಕಿಯಿಂದ ಮಂಜು ನೋಡೋದು, ಅವಳು ಬಂದ ಮೇಲೆ "ಇವತ್ತೂ ಬಿತ್ತು ಕಣೇ" ಅಂತ ವರದಿ ಕೊಡೋದು. ಇದೇ ನನ್ನ ಮುಂದಿನ ಬಾಳು ಅಂತ ನೆನೆಸಿಕೊಂಡರೆ ಅನ್ನ ಇಳೀತಿರಲಿಲ್ಲ.

ಇದೇ ಹೊತ್ತಿಗೆ ಮಿಲ್ಲಿನ ಹಳೇ ಮ್ಯಾನೇಜರ್ ಕೆಲಸ ಬಿಟ್ಟರು. ಅವರ ಗಾಜಿನ ಕೋಣೆ ಖಾಲಿ ಆಯ್ತು. ಆ ಕೋಣೆಯಲ್ಲಿ ಒಂದು ಕುರ್ಚಿ. ಬರೀ ಕುರ್ಚಿ ಅನ್ನಬೇಡಿ, ಸಿಂಹಾಸನ. ಕಪ್ಪು ರೆಕ್ಸಿನ್ನು, ಎತ್ತರದ ಬೆನ್ನು, ಕುಂತಲ್ಲೇ ಸುತ್ತಲೂ ತಿರುಗುತ್ತೆ. ಎದುರಿಗೆ ಮೇಜು, ಮೇಜಿನ ಮೇಲೆ ಒತ್ತಿದರೆ ಟಿಣ್ ಅನ್ನೋ ಬೆಲ್ಲು. ಕೆಲಸಕ್ಕೆ ಸೇರಿದಂದಿನಿಂದ ನಾನು ಮೂಟೆಗಳ ಮೇಲೆ ಕುಂತವನು. ಆ ಕುರ್ಚಿ ಮೇಲೆ ನನಗಿದ್ದ ಮೋಹ ನನ್ನ ಹೆಂಡತಿಗೂ ಗೊತ್ತಿತ್ತು.

ಚಿಕ್ಕೀರಪ್ಪನೋರು ಕರೆದು ಹೇಳಿದರು. "ಲೇ ಗೋವರ್ಧನ, ಕುರ್ಚಿ ನಿಂದೇ. ಆದ್ರೆ ನೀನು ಯಾವಾಗ ಹಾರಿಹೋಗ್ತೀಯೋ ಯಾರಿಗ್ಗೊತ್ತು? ಶುಕ್ರವಾರ ಸಂಜೆ ಮಿಲ್ಲಿನ ಪೂಜೆ. ಅಷ್ಟ್ರೊಳಗೆ ಆ ಅರ್ಜಿ ವಾಪಸ್ ತಗಂಡು ನನಗೆ ತೋರ್ಸು. ಕುರ್ಚಿಗೆ ಕುಂಕುಮ ಇಟ್ಟು ನಿನ್ನ ಕೂರುಸ್ತೀನಿ. ಇಲ್ಲಾಂದ್ರೆ ಮಾರುತೇಶ ಅವ್ನೆ." ಮಾರುತೇಶ ಅಂದರೆ ನಮ್ಮ ತೂಕದ ಗುಮಾಸ್ತ. ಕಾಯಿ ಯಾವುದು ಕಲ್ಲು ಯಾವುದು ಗೊತ್ತಾಗದ ಪುಣ್ಯಾತ್ಮ.

ಅರ್ಜಿ ವಾಪಸ್ ತಗಳ್ಳೋದು ಕಷ್ಟವಲ್ಲ. ಫೋನಿನಲ್ಲೇ ಬರೆದು, ಒಂದು ಗುಂಡಿ ಒತ್ತಿದರೆ ಸಾಕು. ನಾನು ಬರೆದೂ ಇಟ್ಟೆ. ಹೆಬ್ಬೆರಳು ಗುಂಡಿ ಹತ್ತಿರ ಹೋಗೋದು, ಹಾವು ಕಂಡಂಗೆ ವಾಪಸ್ ಬರೋದು. ಒತ್ತಿದರೆ ಹೆಂಡತಿ ಭಯ, ಒತ್ತದಿದ್ದರೆ ಕೆನಡಾ ಭಯ.

ಕೊನೆಗೆ ಮಿಲ್ಲಿನ ಎದುರಿನ ಚಾ ಅಂಗಡೀಲಿ ಬುಡೇನ್ ಸಾಬ್ರ ಹತ್ತಿರ ದುಃಖ ತೋಡಿಕೊಂಡೆ. ಬುಡೇನ್ ಸಾಬ್ರು ಕುರಿ ವ್ಯಾಪಾರದಲ್ಲಿ ಗಡ್ಡ ಹಣ್ಣು ಮಾಡಿಕೊಂಡವರು. ಸಂತೆಯಲ್ಲಿ ಟವೆಲ್ ಕೆಳಗೆ ಕೈ ಕೈ ಹಿಡಿದು, ಬೆರಳು ಒತ್ತಿ ದರ ಹೇಳೋದರಲ್ಲಿ ಅವರನ್ನ ಮೀರಿಸೋರಿಲ್ಲ.

"ಅರೆ, ಇದಕ್ಕೆ ಯಾಕಪ್ಪಾ ಪರೇಶಾನು?" ಅಂದರು. "ಸಂತೇಲಿ ಏನ್ ಮಾಡ್ತೀವಿ? ಬ್ಯಾಡ ಅಂತ ಟವೆಲ್ ಕೊಡವಿ ಹೊರಡ್ತೀವಿ. ಬೇಕು ಅನ್ನೋನು ಹಿಂದೆ ಓಡಿ ಬಂದು ಕೈ ಹಿಡೀತಾನೆ. ಬೀವಿಗೆ ಫೋನ್ ಮಾಡು, ಅರ್ಜಿ ವಾಪಸ್ ತಗಂತೀನಿ ಅನ್ನು. ಅಳ್ತಾಳೆ, ಬಯ್ತಾಳೆ, ಬಾ ಬಾ ಅಂತಾಳೆ. ಆವಾಗ ನಿನ್ನ ದರ ನಿಂಗೇ ಗೊತ್ತಾಗ್ತದೆ."

"ಕರೀದೇ ಇದ್ರೆ?"

"ಕರೀತಾಳೆ. ಒಂದೇ ಕಾನೂನು, ನೆಪ್ಪಿಟ್ಕೋ. ಹೊರಟ ಮ್ಯಾಲೆ ತಿರುಗಿ ನೋಡಬಾರ್ದು. ಮೊದಲು ತಿರುಗಿದೋನು ಸೋತ."

ನಿಜ ಹೇಳ್ತೀನಿ, ನನಗೆ ದರ ತಿಳೀಬೇಕಿತ್ತು. ನಾನು ಬರಬೇಕು ಅಂತ ಅವಳಿಗೆ ಇನ್ನೂ ಆಸೆ ಐತಾ, ಇಲ್ಲಾ ಹಾಕಿದ ಅರ್ಜಿ ಅಂತ ಸುಮ್ಮನಿದಾಳಾ? ಇದನ್ನ ನೇರವಾಗಿ ಕೇಳಬಹುದಿತ್ತು. ಆದರೆ ನಮ್ಮ ಚಳ್ಳಕೆರೇಲಿ ನೇರವಾಗಿ ಕೇಳಿ ಯಾರು ಏನು ಕೊಂಡಿದಾರೆ ಹೇಳಿ?

ಭಾನುವಾರ ಸಂಜೆ ವಿಡಿಯೋ ಫೋನು. ಅಲ್ಲಿ ಆಗ ಬೆಳಗ್ಗೆ. ಪವಿತ್ರ ತಲೆ ಬಾಚ್ಕೊಳ್ತಾ ಬಂದು ಕುಂತಳು. ಮುಖ ಯಾಕೋ ಅರಳಿತ್ತು.

"ಪವಿತ್ರಾ, ಒಂದು ಗಂಭೀರವಾದ ವಿಷಯ ಐತೆ" ಅಂದೆ.

"ನಂದೂ ಒಂದೈತೆ ರೀ! ಇರ್ಲಿ, ನಿಮ್ಮದು ಮೊದ್ಲು ಹೇಳಿ."

"ಅರ್ಜಿ ವಾಪಸ್ ತಗಳ್ಳಾಣ ಅಂತ ಮಾಡೀನಿ."

ಬಾಚಣಿಗೆ ನಿಂತಿತು. "ಯಾಕೆ?"

"ನನ್ನ ವೃತ್ತಿಜೀವನದ ಹಿತದೃಷ್ಟಿಯಿಂದ." (ಈ ಮಾತನ್ನ ಬೆಳಗ್ಗೆಯಿಂದ ಬಾಯಿಪಾಠ ಮಾಡಿದ್ದೆ.)

"ಅಂದ್ರೆ ಆ ಕುರ್ಚಿ?"

"ಬರೀ ಕುರ್ಚಿ ಅಲ್ಲ. ಬೆಲ್ಲೂ ಐತೆ."

"ಗಟ್ಟಿ ಮನಸ್ಸು ಮಾಡೀರಾ?"

"ಮಾಡೀನಿ" ಅಂತ ಹೆಗಲ ಮೇಲಿನ ಟವೆಲ್ ಕೊಡವಿ, ಮುಖ ಆ ಕಡೆ ತಿರುಗಿಸಿದೆ. ಇನ್ನೇನು ಓಡಿ ಬಂದು ಕೈ ಹಿಡೀತಾಳೆ ಅಂತ ಕಾದೆ. ಕತ್ತು ನೋಯೋವಷ್ಟು ಹೊತ್ತು ಕಾದೆ.

"ಸರಿ ಬಿಡಿ."

"ಆಂ?"

"ಸರಿ ಬಿಡಿ ಅಂದೆ. ನಿಮಗೆ ಅಂತ ದಪ್ಪನೆ ಕೋಟು ತಂದಿಟ್ಟಿದ್ದೆ. ಆ ಹೊಟ್ಟೆ ಅಳತೆ ಇಲ್ಲಿ ಇನ್ಯಾರಿಗೂ ಆಗಲ್ಲ. ಅಂಗಡಿಗೆ ವಾಪಸ್ ಕೊಡ್ತೀನಿ. ಡ್ಯೂಟಿಗೆ ಹೊತ್ತಾಯ್ತು."

"ನಿಂದೇನೋ ವಿಷಯ ಅಂದ್ಯಲ್ಲ?"

"ಇನ್ನೇನಕ್ಕೆ, ಬಿಡಿ" ಅಂದಳು. ಫೋನು ಕಟ್ಟಾಯ್ತು.

ಸೋಮವಾರ ಫೋನಿಲ್ಲ. ಮಂಗಳವಾರ ಇಲ್ಲ. ನಾನು ಮಾಡೋಣ ಅಂದರೆ, ತಿರುಗಿದೋನು ಸೋತ! ಬುಡೇನ್ ಸಾಬ್ರು ದಿನಾ ಚಾ ಕುಡಿಸಿ "ಇನ್ನೂ ಸ್ವಲ್ಪ ತಡ್ಕೋ, ಕರೀತಾಳೆ" ಅನ್ನೋರು. ತಡ್ಕೊಂಡು ತಡ್ಕೊಂಡು ಮಿಲ್ಲಿನಲ್ಲಿ ನನ್ನ ತೀರ್ಪು ತಪ್ಪಕ್ಕೆ ಹತ್ತಿತು. ಒಣಗಿದ ಕಾಯಿಗೆ ಹಸಿ ಅಂದೆ, ಹಸಿ ಕಾಯಿಗೆ ಭೇಷ್ ಅಂದೆ. ಕೋಟು ವಾಪಸ್ ಕೊಟ್ಟಳೋ ಏನೋ ಅನ್ನೋದೊಂದೇ ತಲೆಯಲ್ಲಿ. ಆ ಕೋಟಿನ ಬಣ್ಣವೂ ನಾನು ಕಂಡಿರಲಿಲ್ಲ, ಆದರೂ ಅದು ಇನ್ಯಾರದೋ ಮೈಮೇಲೆ ಹೋದಂಗೆ ಕನಸು ಬೀಳೋದು. ಶುಕ್ರವಾರ ಮಿಲ್ಲಿನಲ್ಲಿ ಮಾವಿನೆಲೆ ತೋರಣ ಕಟ್ಟುತ್ತಿದ್ದರು. ನಾನು ತೋರಣ ನೋಡಿದೆ, ಗಾಜಿನೊಳಗಿನ ಕುರ್ಚಿ ನೋಡಿದೆ, ಚಪ್ಪಲಿ ಮೆಟ್ಟಿಕೊಂಡು ಸೀದಾ ಬಸ್ ಸ್ಟ್ಯಾಂಡಿಗೆ ಹೋಗಿ ಮೊಳಕಾಲ್ಮುರು ಬಸ್ಸು ಹತ್ತಿಬಿಟ್ಟೆ. ಮಗಳ ಮನಸ್ಸು ತಾಯಿಗಾದರೂ ಗೊತ್ತಿರುತ್ತೆ ಅಂತ.

ನಮ್ಮತ್ತೆ ಯರ್ರಮ್ಮ ಮನೆ ಪಡಸಾಲೆಯಲ್ಲೇ ಸೀರೆ ಹರಡಿಕೊಂಡು ಕುಂತಿದ್ದರು. ಎದುರಿಗೆ ರಾಂಪುರದಿಂದ ಮದುವೆ ಸೀರೆ ಕೊಳ್ಳಕ್ಕೆ ಬಂದ ಗಂಡ ಹೆಂಡತಿ. ನನ್ನನ್ನ ನೋಡಿ "ರಾ ನಾಯನಾ, ಕುಂತ್ಕೋ" ಅಂತ ತೆಲುಗು ಕನ್ನಡ ಬೆರೆಸಿ ಅಂದವರೇ ವ್ಯಾಪಾರಕ್ಕೆ ತಿರುಗಿದರು. ರಾಂಪುರದ ಆಯಮ್ಮ ದರ ಕೇಳಿದಳು, ಮೂಗು ಮುರಿದಳು, "ನಡೀರಿ, ಬೇರೆ ಕಡೆ ನೋಡಾಣ" ಅಂತ ಗಂಡನ್ನ ಎಳಕೊಂಡು ಹೊರಟಳು. "ಕರೀರಿ ಅತ್ತೆ, ಹೋಗ್ತಿದಾರೆ!" ಅಂದೆ.

ಯರ್ರಮ್ಮ ಕರೆಯಲಿಲ್ಲ. ಆ ಸೀರೆಯನ್ನ ಮೊಣಕಾಲ ಮೇಲೆ ಹಾಕಿಕೊಂಡು, ನಿಧಾನವಾಗಿ ಮಡಚಿ, ಅಂಚು ಹೊರಗೆ ಕಾಣೋ ಹಂಗೆ ಬೀರುವಿನಲ್ಲಿಟ್ಟರು. ಆಮೇಲೆ ನನಗೆ ನೀರು ಕೊಟ್ಟರು. ನೀರು ಕುಡಿದು ಲೋಟ ಕೆಳಗಿಡೋ ಹೊತ್ತಿಗೆ ರಾಂಪುರದವಳು ಬಾಗಿಲಲ್ಲಿ! "ಅದೇ ಕೊಡವ್ವ, ನೀ ಹೇಳಿದ್ದೇ ಆಗ್ಲಿ" ಅಂದಳು.

"ಹಿಂದೆ ಓಡಬಾರ್ದಪ್ಪ" ಅಂದರು ನಮ್ಮತ್ತೆ, ಅವರು ಹೋದ ಮೇಲೆ. "ಸರಿ ಬಿಡಮ್ಮಾ ಅನ್ನಬೇಕು, ಮಡಚಿ ಇಡಬೇಕು. ಪವಿತ್ರ ಚಿಕ್ಕೋಳಿದ್ದಾಗ ಮಡಚೋ ಕೆಲಸ ಎಲ್ಲ ಅವಳದ್ದೇ."

ನನ್ನ ಕೈಲಿದ್ದ ಟವೆಲ್ ಜಾರಿ ಬಿತ್ತು. ಸರಿ ಬಿಡಿ! ನಾನು ಯಾರ ಮುಂದೆ ಟವೆಲ್ ಕೊಡವಿದೆ ಅಂತ ಆಗ ಗೊತ್ತಾಯ್ತು.

"ಅತ್ತೆ, ಮಡಚಿ ಇಟ್ಟೋರಿಗೆ ಕೊಡೋ ಮನಸ್ಸು ಇರ್ತೈತಾ, ಇಲ್ಲಾ ಹೋದ್ರೆ ಪೀಡೆ ಹೋಯ್ತು ಅಂತಲಾ? ಹೊರಗೆ ನಿಂತೋನಿಗೆ ಹೆಂಗೆ ಗೊತ್ತಾಗ್ಬೇಕು?"

"ಒಳಗೆ ಬಂದು ಕೇಳಿದ್ರೆ ಗೊತ್ತಾಗ್ತೈತೆ ನಾಯನಾ" ಅಂತ ಅವರು ಮುಂದಿನ ಸೀರೆ ತೆಗೆದುಕೊಂಡರು.

ಅಲ್ಲೇ, ಸೀರೆಗಳ ನಡುವೆ ಕುಂತು ಫೋನು ಮಾಡಿದೆ. ಬುಡೇನ್ ಸಾಬ್ರ ಕಾನೂನು ಮುರಿದೆ. ಪವಿತ್ರಳ ಮುಖ ಬಂತು, ಕಣ್ಣು ಊದಿತ್ತು.

"ಪವಿತ್ರಾ, ನಾನು ಗುಂಡಿ ಒತ್ತಿಲ್ಲ ಕಣೇ. ಅರ್ಜಿ ಹಂಗೇ ಐತೆ. ಸುಮ್ಮನೆ ಹೊರಟಂಗೆ ಮಾಡಿದೆ. ನನಗೆ ಭಯ. ಅಲ್ಲಿ ನಾನು ಯಾತಕ್ಕೂ ಬಾರದೋನು ಆಗ್ತೀನಿ ಅಂತ ಭಯ. ಅದಕ್ಕಿಂತ ದೊಡ್ಡ ಭಯ, ನೀನು ಬಾ ಅನ್ನದೇ ಇದ್ರೆ ಅಂತ."

ಅವಳು ಮೂಗು ಒರೆಸಿಕೊಂಡಳು.

"ಇದನ್ನ ಅವತ್ತೇ ಬೊಗಳಕ್ಕೆ ಏನ್ರೀ ಧಾಡಿ ಆಗಿತ್ತು ನಿಮಗೆ?" ಅಂತ ಶುರು ಮಾಡಿದಳು ನೋಡಿ! ತಾನು ಡ್ಯೂಟಿಗೆ ಹೋಗೋ ಬಸ್ಸಲ್ಲಿ ಅತ್ತಿದ್ದು, ಆಸ್ಪತ್ರೆ ಅಜ್ಜಿಯರು ಸಂತೈಸಿದ್ದು, ಎಲ್ಲ ಹೇಳಿ ಹೇಳಿ ಬೈದಳು. ನನಗೆ ಆ ಬೈಗುಳ ಕೇಳಿ ಪ್ರಾಣ ತಿರುಗಿ ಬಂತು.

"ಕೋಟು?" ಅಂದೆ, ಹೆದರಿ ಹೆದರಿ.

ಅವಳು ಫೋನನ್ನ ಕಪಾಟಿನ ಕಡೆ ಹಿಡಿದಳು. ನೀಲಿ ಕೋಟು, ತೋಳುಗಳನ್ನ ಒಳಗೆ ಸೇರಿಸಿ, ಅಂಚು ಹೊರಗೆ ಕಾಣೋ ಹಂಗೆ ನೀಟಾಗಿ ಮಡಚಿಟ್ಟಿತ್ತು. ನಮ್ಮತ್ತೆ ಬಗ್ಗಿ ನೋಡಿ, "ಬಾಗ ಮಡಚಿದೀಯ ಕಣೇ" ಅಂತ ಮೆಚ್ಚಿಕೊಂಡರು.

ಅಷ್ಟರಲ್ಲಿ ಫೋನಿಗೆ ಒಂದು ಫೋಟೋ ಬಂತು. ಮಿಲ್ಲಿನ ಪೂಜೆ ಮುಗಿದಿತ್ತು. ಕುರ್ಚಿಗೆ ಕುಂಕುಮ, ಕುರ್ಚಿಯಲ್ಲಿ ಮಾರುತೇಶ, ಅವನ ಬೆರಳು ಬೆಲ್ಲಿನ ಮೇಲೆ. ಹೊಟ್ಟೆ ಉರೀತು. ಆದರೂ ಅದನ್ನ ತೋರಿಸಿಕೊಳ್ಳದೆ, ಗಂಡಸಿನಂಗೆ "ಹೋಗ್ಲಿ ಬಿಡು, ಯಃಕಶ್ಚಿತ್ ಕುರ್ಚಿ" ಅಂದೆ.

"ರೀ, ಅವತ್ತು ನಂದೂ ಒಂದು ವಿಷಯ ಐತೆ ಅಂದಿದ್ದೆನಲ್ಲ" ಅಂದಳು ಪವಿತ್ರ. ದನಿ ಯಾಕೋ ಮೆತ್ತಗಾಯ್ತು. "ನಮ್ಮ ಆಸ್ಪತ್ರೆ ಉಗ್ರಾಣ ನೋಡ್ಕಳ್ಳೋ ಕೆಲಸ. ದಿನಸಿ ಪರೀಕ್ಷೆ ಮಾಡಿ ಒಳಗೆ ತಗಳ್ಳೋದು. ನಿಮಗೆ ಅಂತ ಕಾಡಿ ಬೇಡಿ ಒಪ್ಪಿಸಿದ್ದೆ. ನೀವು ಬರಲ್ಲ ಅಂದ್ರಲ್ಲ, ಮಾರನೇ ದಿನವೇ ಬ್ಯಾಡ ಅಂತ ಹೇಳಿಬಿಟ್ಟೆ. ಬೇರೆಯೋರು ಬಂದು ಸೇರ್ಕಂಡ್ರು."

"ಹಂಗಾರೆ ನನಗೆ?"

"ಆಸ್ಪತ್ರೆ ಅಡುಗೆಮನೇಲಿ ಒಂದು ಕೆಲಸ ಉಳಿದೈತೆ. ಊಟ ತಿಂಡಿ ಎಲ್ಲ ಮೂಸಿ ನೋಡಿ, ಕಡ್ಲೆಕಾಯಿ ಸೋಕಿದ್ರೆ ಆಚೆಗೆ ಹಾಕ್ಸೋದು. ನನ್ನ ಗಂಡನ ಮೂಗಿಗೆ ಸಮ ಇಲ್ಲ ಅಂತ ಹೇಳೀನಿ. ಆದ್ರೆ ದಿನವಿಡೀ ನಿಂತ್ಕಂಡೇ ಮಾಡ್ಬೇಕು ರೀ."

ಕಡ್ಲೆಕಾಯಿಯಿಂದ ಅನ್ನ ತಿಂದವನು ಕಡ್ಲೆಕಾಯಿ ಹಿಡಿದುಕೊಡೋ ಪೊಲೀಸು! ಕೇಳಬಾರದು, ಕೇಳಬಾರದು ಅಂದುಕೊಂಡೂ ಬಾಯಿ ತಡೀಲಿಲ್ಲ.

"ಪವಿತ್ರಾ, ಆ ಉಗ್ರಾಣದ ಕೆಲಸಕ್ಕೆ ಕುರ್ಚಿ ಇತ್ತಾ?"

"ಇತ್ತು."

"ತಿರುಗೋದಾ?"

ಅವಳು ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ತಿರುಗೋದೇ ರೀ. ಕೆಳಗೆ ಚಕ್ರಾನೂ ಇದ್ವು."