ಹೊಸ್ತಿಲಾಚೆಯ ಬೂಟು

ಬೂಟು ಹಾಕಿಕೊಂಡು ಮನೆಯೊಳಗೆ ಓಡಾಡಕೂಡದು ಎಂಬ ನೀರಜಾಳ ಕಾನೂನಿನಿಂದಲೇ ಅವಳ ಗಂಡ ವೇಣುಗೋಪಾಲರ ಭಾನುವಾರ ಕೆಟ್ಟದ್ದು.

ಬೂಟು ಸಾಮಾನ್ಯದ್ದೇನಲ್ಲ. ಮೇಲಕ್ಕೊಯ್ಯುವ ಲಿಫ್ಟ್ ಇಲ್ಲದ ಹಿಮದ ಬೆಟ್ಟವನ್ನು ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ನಡೆದೇ ಹತ್ತಿ, ಆಮೇಲೆ ಜಾರಿಕೊಂಡು ಇಳಿಯುವವರು ಹಾಕುವ ಹಗುರವಾದ ಪ್ಲಾಸ್ಟಿಕ್ ಬೂಟು. ಅಟ್ಲಾಂಟಾದಲ್ಲಿ ಡಾಕ್ಟರಾಗಿರುವ ಮಗಳು ಸುರಭಿ ಫೆಬ್ರವರಿಯಲ್ಲಿ ಒಂದು ವಾರ ಅಪ್ಪನ ಜೊತೆ ಸ್ಕೀ ಮಾಡಲು ಹೋಗಬೇಕು ಅಂದಳಂತೆ. ಹಾಗಂತ ನೀರಜಾ ಹೇಳಿದ್ದಳು. ಫ್ರಿಜ್ ಬಾಗಿಲು ತೆರೆದರೇ ನಡುಗುವ ಮನುಷ್ಯ ವೇಣುಗೋಪಾಲರು. ಆದರೆ ಫೋನಿನಲ್ಲಿ ಎರಡು ಮಾತಿನ ಮೇಲೆ ಮೂರನೆಯದು ಆಡದ ಮಗಳು ಇಡೀ ಒಂದು ವಾರ ಕೊಡುತ್ತೇನೆಂದರೆ ಯಾವ ಅಪ್ಪ ಬಿಟ್ಟಾನು? ಹತ್ತುವಾಗ ಅವಳಿಂದ ಹಿಂದೆ ಬೀಳಬಾರದೆಂದು ಅಂಗಡಿಯ ಬೂಟುಗಳನ್ನೆಲ್ಲ ಕೈಯಲ್ಲಿ ತೂಗಿ, ಎಲ್ಲಕ್ಕಿಂತ ಹಗುರವಾದದ್ದನ್ನೇ ತಂದಿದ್ದರು. ಅಂಗಡಿಯವರು ಒಳಪದರವನ್ನು ಬಿಸಿ ಮಾಡಿ ಅವರ ಪಾದಕ್ಕೇ ಅಚ್ಚು ಮಾಡಿದ್ದರು. ಹಾಗಾಗಿ ವಾಪಸ್ ಕೊಡುವ ಮಾತೇ ಇರಲಿಲ್ಲ.

ಅದನ್ನು ಪಳಗಿಸಲೆಂದು ತಾವಿದ್ದ ಕೊಲಂಬಿಯಾ ಊರಿನ ಜನವರಿ ಚಳಿಯಲ್ಲಿ ಮನೆಯ ಮುಂದೆ ಶತಪಥ ತಿರುಗಿದರು. ಒಳಗೆ ಸತ್ಯನಾರಾಯಣ ಪೂಜೆಗೆ ಪುರೋಹಿತರು ಕರೆದಾಗ ಬಿಚ್ಚಲು ಹೋದರೆ ಬೂಟು ಕಲ್ಲಾಗಿತ್ತು.

"ಅಂಕಲ್, ಚಳಿಗೆ ಪ್ಲಾಸ್ಟಿಕ್ ಗಟ್ಟಿಯಾಗಿದೆ. ಒಳಗೆ ಬಂದು ಬೆಚ್ಚಗಾದ್ರೆ ತಾನೇ ಲೂಸ್ ಆಗುತ್ತೆ," ಎಂದ ಪಕ್ಕದ ಮನೆಯ ಬಸವಕುಮಾರ್.

"ಬೂಟು ಹಾಕ್ಕೊಂಡು ದೇವರ ಮುಂದೆ ಬರ್ತಾರಾ? ಬಿಚ್ಚಿ ಬರ್ಲಿ," ಎಂದಳು ನೀರಜಾ.

"ಬಿಚ್ಚೋಕೆ ಒಳಗೆ ಬರ್ಬೇಕು ಕಣೇ," ಎಂದರು ವೇಣುಗೋಪಾಲರು.

ಎದುರುಮನೆಯ ಅಲಮೇಲು ಆಂಟಿ ಬೂಟಿನೊಳಕ್ಕೆ ಕೊಬ್ಬರಿ ಎಣ್ಣೆ ಸುರಿದರು. ಬಸವಕುಮಾರ್ ಬಲವಾಗಿ ಎಳೆದ. ಬೂಟಿನ ಬದಲು ವೇಣುಗೋಪಾಲರೇ ಮುಲ್ಲಂಗಿಯ ಹಾಗೆ ಕಿತ್ತುಬಂದರು. ಕೊನೆಗೆ ಪುರೋಹಿತರು ಒಂದು ದಾರಿ ತೋರಿಸಿದರು: ಯಜಮಾನರ ಮೈ ಒಳಗಿರಲಿ, ಕಾಲು ಹೊಸ್ತಿಲಾಚೆ ಇರಲಿ. ಬಾಗಿಲು ತೆರೆದೇ ಇದ್ದುದರಿಂದ ಬಂದ ಹೆಂಗಸರೆಲ್ಲ ರೇಷ್ಮೆ ಸೀರೆಯ ಮೇಲೆ ಜಾಕೆಟ್ ಹಾಕಿಕೊಂಡು ಕೂತರು. ಬಸವಕುಮಾರ್ ಹೇರ್ ಡ್ರೈಯರ್ ಹಿಡಿದು ಬೂಟಿಗೆ ಬಿಸಿಗಾಳಿ ಬಿಡುತ್ತಿದ್ದ. ಹೊರಗಿನ ಗಾಳಿಯ ಮುಂದೆ ಅದರ ಆಟ ನಡೆಯಲಿಲ್ಲ.

ಅಷ್ಟರಲ್ಲಿ ಪೂಜೆ ನೋಡಲು ಸುರಭಿ ವಿಡಿಯೋ ಕಾಲ್ ಮಾಡಿದಳು.

"ಅಪ್ಪಾ, ಯಾಕೆ ಡೋರ್ ಹತ್ರ ಮಲಗಿದೀರಾ?"

"ನಿನ್ನ ಜೊತೆ ಸ್ಕೀ ಮಾಡೋಕೆ ಪ್ರಾಕ್ಟೀಸ್, ಪುಟ್ಟಾ. ನೀನು ಆಸೆಪಟ್ಟೆಯಲ್ಲ."

"ನಾನಾ? ಅಮ್ಮ ಹೇಳಿದ್ರು ನಿಮ್ಗೆ ಆಸೆ ಅಂತ. ಐ ಹೇಟ್ ಸ್ನೋ, ಅಪ್ಪಾ."

ಎಲ್ಲರೂ ನೀರಜಾಳತ್ತ ತಿರುಗಿದರು. ಅವಳು ಹೂವು ಬಿಡಿಸುತ್ತಲೇ ಹೇಳಿದಳು: "ಇನ್ನೇನ್ ಮಾಡ್ಲಿ? ಇವ್ರು ಊಟ ಆಯ್ತಾ ಅಂತಾರೆ, ಅವಳು ಆಯ್ತು ಅಂತಾಳೆ, ಫೋನ್ ಇಡ್ತಾರೆ. ಬೆಟ್ಟದ್ ಮೇಲಾದ್ರೂ ನಾಲ್ಕು ಮಾತಾಡ್ಲಿ ಅಂದ್ಕೊಂಡೆ."

ವೇಣುಗೋಪಾಲರಿಗೆ ಕೋಪ ಬರಲಿಲ್ಲ, ಸಂಕಟವಾಯಿತು. "ಹಾಗಾದ್ರೆ ಕ್ಯಾನ್ಸಲ್ ಮಾಡೋಣ್ವಾ, ಪುಟ್ಟಾ?" ಎಂದರು.

ಸುರಭಿ ಫೋನನ್ನು ನಿಧಾನವಾಗಿ ಕೆಳಕ್ಕೆ ತಿರುಗಿಸಿದಳು. ಅವಳ ಕಾಲಲ್ಲೂ ಅಂಥದೇ ಬೂಟು.

"ನಂದೂ ಮೋಲ್ಡ್ ಮಾಡಿಬಿಟ್ರು, ನೋ ರಿಟರ್ನ್ಸ್. ಹೋಗೋಣ ಅಪ್ಪಾ, ಇಬ್ರೂ ಬೀಳೋಣ. ಆದ್ರೆ ಇದನ್ನ ತೆಗೆಯೋದು ಹೇಗೆ? ಬರ್ತಾನೇ ಇಲ್ಲ."

"ಮೊದ್ಲು ಹಿಂದಿರೋ ಲಿವರ್ ಎತ್ತು, ಪುಟ್ಟಾ..." ವೇಣುಗೋಪಾಲರು ಶುರು ಮಾಡಿದರು. ಅವಳು ಕೇಳಿದಳು, ಅವರು ಹೇಳಿದರು. ಅವಳು ನಕ್ಕಳು, ಮತ್ತೆ ಕೇಳಿದಳು. ಪುರೋಹಿತರು ಕತೆ ನಿಲ್ಲಿಸಿ ಕಾದರು.

ಕೊನೆಗೂ ಮಗಳ ಎರಡು ಬೂಟೂ ಕಳಚಿದವು. ಅಪ್ಪನವು ಮಾತ್ರ ಮಂಗಳಾರತಿಯವರೆಗೂ ಕಾಲಲ್ಲೇ ಇದ್ದವು.